ಸುಮ್ಮನಾದ ಹಲ್ಲು

"ಗುರುಗಳೇ, ನನ್ನ ಅಕ್ಕ ಈಗ ಬೈಯುವುದನ್ನು ಬಿಟ್ಟಿದ್ದಾಳೆ. ಹಳೆಯದೆಲ್ಲ ವಾಸಿಯಾಯಿತು ಅಂತ ತಾನೇ ಅರ್ಥ?" ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

ಅವನ ಮಗಳ ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅಕ್ಕ ಗಂಡ ಸತ್ತವಳೆಂದು ಅವನು ಆ ಕೆಲಸವನ್ನು ಹೆಂಡತಿಯ ತಂಗಿಯಿಂದ ಮಾಡಿಸಿದ್ದ. ಆಮೇಲೆ "ತಪ್ಪಾಯ್ತು ಬಿಡಕ್ಕ" ಎಂದು ಒಂದು ಮಾತು ಒಗೆದು ಕೈ ತೊಳೆದುಕೊಂಡಿದ್ದ. ಬಹಳ ದಿನ ಅವಳು ಕಂಡಕಂಡಲ್ಲಿ ಅವನನ್ನು ಜಾಡಿಸಿದಳು. ಈಗ ಹೋದರೆ ಊಟಕ್ಕೆ ಬಡಿಸುತ್ತಾಳೆ, ಅಷ್ಟೆ.

ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕನ ದವಡೆ ಹಲ್ಲಿನ ಹುಳುಕು ನರದ ತನಕ ಇಳಿದಿತ್ತು. ನರದ ಮೇಲ್ತುದಿ ಮಾತ್ರ ಕೆಟ್ಟಿದೆ, ಕೆಳಗೆ ಇನ್ನೂ ಜೀವವಿದೆ ಎಂದ ಹಲ್ಲಿನ ವೈದ್ಯ. ಕೆಟ್ಟಷ್ಟನ್ನು ತೆಗೆದು, ಉಳಿದದ್ದರ ಮೇಲೆ ಮದ್ದಿಟ್ಟು, ಭದ್ರವಾಗಿ ಮುಚ್ಚಿದ. "ನೋವು ಹೋಯ್ತು ಅಂತ ಸುಮ್ಮನಿರಬೇಡಿ. ಆ ಜೀವ ಉಳಿದಿದೆಯೋ ಇಲ್ಲವೋ ವರ್ಷ ವರ್ಷ ನೋಡಬೇಕು" ಎಂದು ಹೇಳಿ ಕಳಿಸಿದ.

ವರ್ತಕ ಬರಲಿಲ್ಲ. ಬಾಯಿ ಸುಮ್ಮನಿರುವಾಗ ವೈದ್ಯನ ಬಾಗಿಲಿಗೆ ಯಾರು ಹೋಗುತ್ತಾರೆ? ವೈದ್ಯನೂ ಕರೆಯಲಿಲ್ಲ. ಹಲ್ಲು ಉಳಿಸಿದೆನೆಂದು ಅವನು ಆಗಲೇ ಊರೆಲ್ಲ ಹೇಳಿಕೊಂಡಾಗಿತ್ತು. ದಾರಿಯಲ್ಲಿ ಸಿಕ್ಕಾಗ "ನೋವಿಲ್ಲ ತಾನೇ?" ಎಂದು ಕೇಳುವನು. "ಇಲ್ಲ" ಎಂದರೆ ಬೀಗುತ್ತ ಮನೆಗೆ ಹೋಗುವನು.

ಕೆಲವು ವರ್ಷಗಳ ಮೇಲೆ ವರ್ತಕ ಬೇರೊಂದು ಹಲ್ಲು ತೋರಿಸಲು ಬಂದ. ವೈದ್ಯ ಮಂಜುಗಡ್ಡೆಯ ಚೂರನ್ನು ಆ ಹಳೆಯ ಹಲ್ಲಿಗೆ ಮುಟ್ಟಿಸಿದ. ಜೀವವಿದ್ದರೆ ಹಲ್ಲು ಜುಮ್ಮೆನ್ನಬೇಕಿತ್ತು. ವರ್ತಕನಿಗೆ ಏನೂ ಆಗಲಿಲ್ಲ. ಎಕ್ಸ್‌ರೇ ತೆಗೆದು ನೋಡಿದರೆ ಬೇರಿನ ತುದಿಯಲ್ಲಿ ಕೀವು ಕಟ್ಟಿ, ಸುತ್ತಲಿನ ಮೂಳೆ ಕರಗಿತ್ತು.

"ನೋವೇ ಇರಲಿಲ್ಲವಲ್ಲ ಡಾಕ್ಟ್ರೇ?" ಎಂದ ವರ್ತಕ.

"ಸತ್ತ ಹಲ್ಲೂ ಎಷ್ಟೋ ಸಲ ನೋಯುವುದಿಲ್ಲ ಸ್ವಾಮಿ. ಅದು ನನಗೆ ಗೊತ್ತಿತ್ತು. ಆದರೂ ನಿಮ್ಮನ್ನು ಬರೀ ನೋವಿನ ಮಾತೇ ಕೇಳುತ್ತಿದ್ದೆ" ಎಂದ ವೈದ್ಯ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಗುರುಗಳು ಕತೆ ಮುಗಿಸಿದರು.

ಕೊಟ್ರಯ್ಯನ ಮುಖ ಬಿಸಿಯಾಯಿತು. ಹೋದಾಗಲೆಲ್ಲ "ಚೆನ್ನಾಗಿದ್ದೀಯಾ ಅಕ್ಕ?" ಎಂದಷ್ಟೇ ಕೇಳಿ, ಅವಳು "ಹೂಂ" ಎಂದೊಡನೆ ಎದ್ದು ಬರುತ್ತಿದ್ದವನು ಅವನೇ. ಮಗಳನ್ನು ಒಂದು ಸಲವೂ ಅವಳ ತೊಡೆಯ ಮೇಲೆ ಕೂರಿಸಿರಲಿಲ್ಲ. ನಾಚಿಕೆಯಾದರೂ ವಾದ ಬಿಡಲು ಮನಸ್ಸಾಗಲಿಲ್ಲ.

"ಆದರೆ ಸಿಟ್ಟು ಉಳಿದಿದ್ದರೆ ಅವಳು ಬೈಯುತ್ತಿದ್ದಳಲ್ಲ ಗುರುಗಳೇ?" ಎಂದು ಮೆಲ್ಲಗೆ ಅಂದ.

ಗುರುಗಳು ಹೇಳಿದರು: "ಹೌದಪ್ಪ, ಬೈಯುತ್ತಿದ್ದಾಗ ನೀನಿನ್ನೂ ಅವಳ ತಮ್ಮನಾಗಿದ್ದೆ."