ಅಯಸ್ಕಾಂತದ ಬಾವಿಯೂ ಎರಡು ಕುಪ್ಪಿಗಳೂ

"ಕೇಳಿರಯ್ಯಾ ಕೇಳಿ! ರಾಜಕುಮಾರಿ ಇಂದುಲೇಖೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದೊಂದು ಸಿಗುತ್ತದೆ, ಅವಳನ್ನೇ ಬೇಡಿದರೂ ಸರಿ, ಅರ್ಧ ರಾಜ್ಯ ಬೇಡಿದರೂ ಸರಿ. ತಪ್ಪಿದವನಿಗೆ ಅಮಾವಾಸ್ಯೆಗೆ ಶೂಲ!"

ಡಂಗುರ ಕೇಳಿ ಮೀಸೆ ತಿರುವುತ್ತ ಬಂದ ರಾಜಕುಮಾರರೆಲ್ಲ ಸೆರೆಮನೆ ಸೇರಿದರು. ಅವರ ಜೊತೆಗೆ, ವಠಾರಕ್ಕೆ ನೀರು ಹೊರುವ ಮಾಳಿಂಗನ ಅಣ್ಣ ಬೀರಪ್ಪನೂ ಸೇರಿದ. ಎರಡು ಒಗಟು ಬಿಡಿಸಿ ಮೂರನೆಯದರಲ್ಲಿ ಮುಗ್ಗರಿಸಿದ್ದ ಪಾಪ. ನಾಳೆಯೇ ಅಮಾವಾಸ್ಯೆ. ಅಣ್ಣನನ್ನು ಉಳಿಸಲು ಬೇರೆ ದಾರಿ ಕಾಣದೆ ಮಾಳಿಂಗ ಅರಮನೆಗೆ ನಡೆದ.

ಆಸ್ಥಾನದ ನಡುವೆ ಅಯಸ್ಕಾಂತದ ಬಾವಿ. ಕುಪ್ಪಿಯನ್ನು ಅದರೊಳಗೆ ಇಳಿಬಿಟ್ಟು ಕರೆದರೆ ಕುಪ್ಪಿಯೊಳಗಿನ ಜಲಜನಕಗಳು ತಮ್ಮ ನೆರೆಹೊರೆಗೆ ತಕ್ಕ ದನಿಯಲ್ಲಿ ಓಗೊಡುತ್ತಿದ್ದವು.

ಇಂದುಲೇಖೆ ಬಿಗಿ ಮುಚ್ಚಿದ ಎರಡು ಕುಪ್ಪಿ ತೋರಿಸಿದಳು. "ಎರಡರ ಕಣದಲ್ಲೂ ಇಂಗಾಲ ಎರಡು, ಜಲಜನಕ ಆರು, ಆಮ್ಲಜನಕ ಒಂದು. ಮೊದಲನೆಯದರಲ್ಲಿ ಆರೂ ಸೇರಿ ಒಂದೇ ದನಿ. ಏಕೆ?"

"ಆಮ್ಲಜನಕ ನಡುಮನೆಯಲ್ಲಿದೆ ತಾಯೀ. ಆಚೆಗೊಂದು ಇಂಗಾಲ, ಈಚೆಗೊಂದು, ಒಂದೊಂದಕ್ಕೂ ಮೂರು ಮೂರು ಜಲಜನಕದ ಮಕ್ಕಳು. ಆರಕ್ಕೂ ಒಂದೇ ಬಗೆಯ ನೆರೆಹೊರೆ. ಅದು ಈಥರ್."

"ಎರಡನೆಯದರಲ್ಲಿ ಮೂರು ದನಿ. ಒಂದು ಮೂವರದು, ಒಂದು ಇಬ್ಬರದು, ಒಂದು ಒಂಟಿಯದು. ಆ ಒಂಟಿ ಯಾರು?"

"ತುದಿಯ ಆಮ್ಲಜನಕಕ್ಕೆ ಅಂಟಿಕೊಂಡದ್ದು. ಅದು ಮದ್ಯಸಾರ."

ರಾಜಕುಮಾರಿ ಮೂರನೆಯದನ್ನು ಕೇಳಿದಳು. "ಮೂವರ ದನಿ ಮೂರಾಗಿ ಸೀಳಿದೆ. ಏಕೆ?"

'ಅವರೇ ಮೂವರಲ್ಲವೇ, ಅದಕ್ಕೆ' ಎಂದು ಅಣ್ಣ ಹೇಳಿ ಕೆಟ್ಟದ್ದು ಇಲ್ಲಿಯೇ. ಮಾಳಿಂಗ ಕಣ್ಣು ಮುಚ್ಚಿ ತನ್ನ ವಠಾರವನ್ನು ನೆನೆದ. ಅಲ್ಲಿ ಯಾರ ದನಿ ಹೇಗಿರುತ್ತದೆಂಬುದು ಪಕ್ಕದ ಮನೆಯವರ ಕೈಯಲ್ಲಿ.

"ಪಕ್ಕದ ಇಂಗಾಲದ ಮನೆಯಲ್ಲಿ ಇಬ್ಬರಿದ್ದಾರೆ ತಾಯೀ. ಇಬ್ಬರೂ ಒಲಿದರೆ ಒಂದು ದನಿ, ಇಬ್ಬರೂ ಮುನಿದರೆ ಇನ್ನೊಂದು, ಒಬ್ಬರು ಒಲಿದು ಒಬ್ಬರು ಮುನಿದರೆ ಮತ್ತೊಂದು. ಎಣಿಸಬೇಕಾದದ್ದು ತಮ್ಮನ್ನಲ್ಲ, ನೆರೆಯವರನ್ನು. ಆ ಇಬ್ಬರಿಗೆ ನೆರೆಯವರು ಮೂವರು; ಒಂಟಿ ಮನೆಮನೆ ಅಲೆಯುವವನು, ಲೆಕ್ಕಕ್ಕಿಲ್ಲ. ಅವರ ದನಿ ನಾಲ್ಕಾಗಿರಬೇಕು, ಕೇಳಿ ನೋಡಿ."

ಕುಪ್ಪಿಯನ್ನು ಬಾವಿಗಿಳಿಸಿ ಕೇಳಿದರು. ನಾಲ್ಕೇ ಇತ್ತು.

"ಗೆದ್ದೆ," ಎಂದ ರಾಜ. "ಏನು ಬೇಕೋ ಬೇಡು."

ಮಾಳಿಂಗ ರಾಜಕುಮಾರಿಯನ್ನೊಮ್ಮೆ ನೋಡಿದ. ಆಸೆಯಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ಕೈಮುಗಿದು, "ಸೆರೆಮನೆಯ ಬೀಗದ ಕೈ ಕೊಡಿ ಒಡೆಯಾ," ಎಂದ.

ರಾಜಕುಮಾರರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಊರಿನ ದಾರಿ ಹಿಡಿದರು. ಕೊನೆಗೆ ಹೊರಬಂದ ಬೀರಪ್ಪ ತಮ್ಮನ ಬೆನ್ನಿಗೊಂದು ಗುದ್ದಿದ. "ನನ್ನ ಜೀವ ಹೋಗುವುದು ಸಾಲದೆಂದು ನಿನ್ನದನ್ನೂ ಪಣಕ್ಕಿಟ್ಟೆಯೇನೋ, ಬೆಪ್ಪೇ?" ಎಂದ. ತಮ್ಮನನ್ನು ತಬ್ಬಿ ಅತ್ತುಬಿಟ್ಟ.