ಹಾಲೇಶ ತಂದ ಎರಡು ಪದರದ ಡಿಸ್ಕು

ಬನ್ನಿ, ಕೂತ್ಕೊಳ್ಳಿ. ನಗೋದಾದರೆ ಬಾಯಿ ಬಿಟ್ಟು ನಗಿ. ಬುದ್ಧಿ ಹೇಳೋ ಚಟ ಇದ್ದವರು ಮಾತ್ರ ಈಗಲೇ ಎದ್ದು ಹೋಗಿ. ಈ ಕತೇಲಿ ಬುದ್ಧಿ ಹೇಳೋಳು ಆಗಲೇ ಒಬ್ಬಳಿದ್ದಾಳೆ, ಹೇಳಿ ಹೇಳಿ ಅವಳ ಗಂಟಲೇ ಕಟ್ಟಿಹೋಗಿದೆ.

ಅವಳು ಸಾವಂತ್ರಮ್ಮ. ಹರಿಹರದ ಬಸ್ ಸ್ಟ್ಯಾಂಡ್ ಹಿಂದೆ ಅವಳದ್ದೊಂದು ವಿಡಿಯೋ ಸ್ಟುಡಿಯೋ. ಗಂಡ ತೀರಿಕೊಂಡ ಮೇಲೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು, ಛತ್ರದಿಂದ ಛತ್ರಕ್ಕೆ ಓಡಾಡಿ ಸಂಸಾರ ನಡೆಸಿದ ಗಟ್ಟಿಗಿತ್ತಿ. ಮದುವೆಯನ್ನೆಲ್ಲ ಡಿಸ್ಕಿಗೆ ಬರೆದು ಕೊಡುತ್ತಿದ್ದ ಕಾಲ ಅದು. ಅವಳಿಗೆ ಒಬ್ಬನೇ ಮಗ, ಹಾಲೇಶ.

ಹಾಲೇಶ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ ಮಾತು ಮೀರುವವನೇ ಅಲ್ಲ. ತೊಂದರೆ ಬಂದಿದ್ದೇ ಅಲ್ಲಿ. "ಒಲೆ ಮೇಲೆ ಹಾಲಿಟ್ಟೀನಿ, ನೋಡ್ತಾ ಇರು" ಅಂದರೆ ನೋಡುತ್ತಾ ಇರುತ್ತಿದ್ದ. ಹಾಲು ಉಕ್ಕಿದ್ದನ್ನೂ ನೋಡುತ್ತಿದ್ದ, ಒಲೆ ಆರಿದ್ದನ್ನೂ ನೋಡುತ್ತಿದ್ದ.

"ಅಯ್ಯೋ ಶಿವನೇ!" ಅಂತ ಸಾವಂತ್ರಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಮಕ್ಕಳು ಹೇಳಿದ ಮಾತು ಕೇಳಲ್ಲ ಅಂತ ಊರೋರೆಲ್ಲ ಅಳ್ತಾರೆ. ನನ್ನ ಮಗ ಕೇಳ್ತಾನೆ ಅಂತ ನಾನು ಅಳ್ತೀನಿ!"

ಒಂದು ದಿನ ಮಂಡಕ್ಕಿ ಹುರಿಯೋ ಭಟ್ಟಿಯ ಓಂಕಾರಪ್ಪ ಸ್ಟುಡಿಯೋಗೆ ಬಂದ. ಅವನ ಎರಡನೇ ಮಗಳ ಮದುವೆ ಆಗ ತಾನೇ ಮುಗಿದಿತ್ತು. ಮುಖ ಮಾತ್ರ ಮದುವೆ ಮನೆಯ ಮುಖದ ಹಾಗಿರಲಿಲ್ಲ.

"ನೋಡು ಸಾವಂತ್ರಕ್ಕ, ದೊಡ್ಡ ಮಗಳ ಮದುವೇಲಿ ಏನಾಯ್ತು ನೆನಪೈತಾ? ನೀನು ಅಗ್ಗದ ಡಿಸ್ಕಿಗೆ ಬರೆದು ಕೊಟ್ಟೆ. ಅಳಿಯ ತಾಳಿ ಹಿಡ್ಕೊಂಡು ಕೈ ಎತ್ತಿದ, ಅಲ್ಲಿಗೇ ಚಿತ್ರ ನಿಂತೋಯ್ತು! ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ. ಇವತ್ತಿಗೂ ಬೀಗರು ಕೇಳ್ತಾರೆ, ನಮ್ಮ ಹುಡುಗ ತಾಳಿ ಕಟ್ಟಿದನೋ ಇಲ್ವೋ ಅಂತ!"

"ತಪ್ಪಾಯ್ತು ಅಣ್ಣ."

"ಈ ಸಲ ನಮ್ಮವ್ವ ಸೊಂಟ ಮುರ್ಕೊಂಡು ಮಂಚ ಹಿಡಿದಾಳೆ. ಮೊಮ್ಮಗಳ ಧಾರೆ ನೋಡ್ಲಿಲ್ಲ ಅಂತ ಗೋಳಾಡ್ತಾಳೆ. ಎದ್ದು ಡಿಸ್ಕು ಬದಲಾಯಿಸೋಕೆ ಅವಳ ಕೈಲಿ ಆಗಲ್ಲ. ಇಡೀ ಮದುವೆ ಒಂದೇ ಡಿಸ್ಕಲ್ಲಿ ಬರಬೇಕು. ಈ ಸಲಾನೂ ನಿಂತ್ರೆ ಸಣ್ಣ ಮಗಳ ಮದುವೆ ಬೇರೆಯವರಿಗೆ ಕೊಡ್ತೀನಿ, ಊರಲ್ಲೆಲ್ಲ ಹೇಳ್ತೀನಿ!"

ಅವನು ಊರಲ್ಲೆಲ್ಲ ಹೇಳಿದರೆ ಸ್ಟುಡಿಯೋ ಬಾಗಿಲು ಮುಚ್ಚಿದ ಹಾಗೇ. ಮಾಮೂಲಿ ಡಿಸ್ಕಲ್ಲಿ ಇಡೀ ಮದುವೆ ಹಿಡಿಯೋದಿಲ್ಲ, ಎರಡು ಪದರದ್ದೇ ಬೇಕು. ಒಂದು ಪದರ ಮುಗಿದು ಇನ್ನೊಂದಕ್ಕೆ ದಾಟುವ ಜಾಗದಲ್ಲೇ ಕಳಪೆ ಡಿಸ್ಕು ಮುಗ್ಗರಿಸೋದು. ಅದಕ್ಕೆ ಒಳ್ಳೇದೂ ಆಗಿರಬೇಕು, ಕೈಗೆಟುಕುವ ಬೆಲೆಯೂ ಇರಬೇಕು. ದಾವಣಗೆರೆಗೆ ಹೋಗಿ ಹುಡುಕೋಣ ಅಂದರೆ ಸಾವಂತ್ರಮ್ಮನಿಗೆ ಮದುವೆ ಎಡಿಟಿಂಗ್ ಕೆಲಸ ತಲೆ ಮೇಲೆ ಕೂತಿತ್ತು.

"ಹಾಲೇಶಾ, ಬಾರೋ ಇಲ್ಲಿ. ದಾವಣಗೆರೆಗೆ ಹೋಗಿ ಎರಡು ಪದರ ಇರೋ ಡಿಸ್ಕು ತಾ. ನಾಲ್ಕು ಅಂಗಡೀಲಿ ಬೆಲೆ ಕೇಳು, ಕಡಿಮೆಗೆ ತಾ."

"ಆಯ್ತವ್ವಾ!"

ಹೋದ. ನಾಲ್ಕು ಅಂಗಡಿ ಕೇಳಿದ. ಎರಡು ಪದರದ್ದು ದುಬಾರಿ, ಮಾಮೂಲಿದು ಅಗ್ಗ. ಹಾಲೇಶ ನಿಂತು ಯೋಚನೆ ಮಾಡಿದ. ಮಾಮೂಲಿದು ಎರಡು ತಗೊಂಡ, ಪಕ್ಕದಂಗಡೀಲಿ ಗೋಂದು ತಗೊಂಡ, ಒಂದರ ಮೇಲೊಂದು ಅಂಟಿಸಿಕೊಂಡು ಬಂದ.

"ಇದೇನಲೇ ಇದು, ಹೋಳಿಗೆ ಇದ್ದಂಗೈತೆ?"

"ಎರಡು ಪದರ ಅವ್ವಾ! ಬೇಕಾದ್ರೆ ಎಣಿಸ್ಕೋ! ಬೆಲೇನೂ ಕಡಿಮೆ!"

"ನಿನ್ನ ಬುದ್ಧಿಗಿಷ್ಟು! ಪದರ ಒಳಗಡೆ ಇರ್ತದೆ ಕಣಲೇ, ಕಣ್ಣಿಗೆ ಕಾಣಲ್ಲ. ಒಳ್ಳೆ ಕಂಪನಿದು ತಾ. ಎಲ್ರಿಗೂ ಗೊತ್ತಿರೋ ಹೆಸರು ಅದರ ಮೇಲೆ ಬರೆದಿರಬೇಕು. ಹೆಸರಿಲ್ಲದ್ದು ತರಬೇಡ!"

"ಆಯ್ತವ್ವಾ!"

ಮತ್ತೆ ಹೋದ. ಫುಟ್‌ಪಾತಿನಲ್ಲಿ ಒಬ್ಬ ಡಿಸ್ಕುಗಳ ರಾಶಿ ಹಾಕಿಕೊಂಡು ಕೂತಿದ್ದ. ಒಂದರ ಮೇಲೂ ಹೆಸರಿಲ್ಲ.

"ಹೆಸರಿಲ್ಲದ್ದು ಬೇಡ ಅಂದಾಳೆ ನಮ್ಮವ್ವ" ಅಂದ ಹಾಲೇಶ.

"ಅಷ್ಟೇನಾ? ಯಾವ ಹೆಸರು ಬೇಕು ಹೇಳು, ಬರ್ಕೊಡ್ತೀನಿ" ಅಂದ ಅವನು. ಕೈಯಲ್ಲಿ ಮಾರ್ಕರ್ ಪೆನ್ನು ಬೇರೆ ಇತ್ತು, ಖದೀಮ!

ಹಾಲೇಶ ಹೇಳಿದ, ಅವನು ಬರೆದ. ಮನೆಗೆ ಬಂದು ಅವ್ವನ ಕೈಗಿಟ್ಟ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಶ್ರೀ ಹರಿಹರೇಶ್ವರ.

"ಎಲ್ರಿಗೂ ಗೊತ್ತಿರೋ ಹೆಸರು! ಇದಕ್ಕಿಂತ ಗೊತ್ತಿರೋದು ಯಾವುದೈತೆ ಹೇಳವ್ವಾ?"

ಎಸೆಯೋಣ ಅಂದರೆ ದೇವರ ಹೆಸರು. ಸಾವಂತ್ರಮ್ಮ ಡಿಸ್ಕನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟು, ಅಲ್ಲಿಂದ ತಿರುಗಿ ಮಗನ ಬೆನ್ನಿಗೊಂದು ಬಾರಿಸಿದಳು.

"ಪೆನ್ನಲ್ಲಿ ಬರೆದಿದ್ದಲ್ಲವೋ! ಕಂಪನಿಯೋರೇ ಅಚ್ಚು ಹಾಕಿರ್ತಾರೆ. ಮತ್ತೆ ನೋಡು, ಎಷ್ಟೊಂದು ಬೆರಳ ಗುರುತು! ಅದರ ಮುಖ ಮುಟ್ಟಬಾರದು. ನಡುವಿನ ತೂತಿಗೆ ಬೆರಳು ಹಾಕಿ ಹಿಡೀಬೇಕು. ಬಿಸಿಲಿಗೂ ಒಡ್ಡಬಾರದು. ತಿಳೀತಾ?"

"ತಿಳೀತವ್ವಾ!"

ಬೈದು ಬೈದು ಅವಳಿಗೆ ಹಸಿವಾಯಿತು. "ಹೋಟೆಲಿಗೆ ಹೋಗಿ ನಾಲ್ಕು ಉದ್ದಿನ ವಡೆ ತಾ ಹೋಗು" ಅಂದಳು.

ಹೋಟೆಲು ಇದ್ದದ್ದು ಎದುರು ರಸ್ತೇಲಿ. ಹೋದವನು ಮಧ್ಯಾಹ್ನವೆಲ್ಲ ಕಳೆದು ಬಂದ. ಬಿಸಿಲಿಗೆ ಒಡ್ಡಬಾರದಲ್ಲ, ರಸ್ತೆಗೆ ನೆರಳು ಬೀಳುವವರೆಗೂ ಹೋಟೆಲ್ ಜಗಲಿ ಮೇಲೆ ಕಾದು ನಿಂತಿದ್ದ. ನಾಲ್ಕು ಬೆರಳಿಗೆ ನಾಲ್ಕು ವಡೆ ಸಿಕ್ಕಿಸಿಕೊಂಡು, ಕೈ ಮೇಲೆತ್ತಿ ಹಿಡಿದಿದ್ದ. ತಲೆ ಮೇಲೆ ಎರಡು ಕಾಗೆ.

"ಮುಖ ಮುಟ್ಟಿಲ್ಲವ್ವಾ! ತೂತಿಗೇ ಬೆರಳು ಹಾಕೀನಿ!"

ಸಾವಂತ್ರಮ್ಮ ಒಂದು ವಡೆ ಕಚ್ಚಿ ಥೂ ಅಂತ ಉಗಿದಳು. "ಹಳಸಿದ ವಡೆ ಕೊಟ್ಟಾರಲ್ಲೋ! ತಗೊಳ್ಳೋವಾಗ ನೋಡೋಕಾಗಲ್ವಾ? ಇನ್ನು ಮೇಲೆ ಏನು ತಂದರೂ ಒಂದೊಂದನ್ನೂ ಪರೀಕ್ಷೆ ಮಾಡಿ ತರಬೇಕು. ಪರೀಕ್ಷೆ ಮಾಡದೆ ಇರೋದನ್ನ ಅಲ್ಲೇ ಬಿಟ್ಟು ಬಾ!"

"ಆಯ್ತವ್ವಾ!"

ಮಾರನೇ ದಿನ ಅವಳು ತಾನೇ ಫೋನು ಮಾಡಿ ದಾವಣಗೆರೆಯ ಒಂದು ಒಳ್ಳೆ ಅಂಗಡಿ ಗೊತ್ತು ಮಾಡಿದಳು. ಬಿಡಿ ತಗೊಂಡರೆ ದುಬಾರಿ, ಹತ್ತು ಡಿಸ್ಕಿರುವ ಡಬ್ಬಿ ತಗೊಂಡರೆ ಅಗ್ಗ ಅಂದರು. ಸೀಲು ಒಡೆಯದ, ಕಂಪನಿಯ ಎರಡು ಪದರದ ಡಿಸ್ಕು. ಇನ್ನೇನು ತಪ್ಪೋಕೆ ಸಾಧ್ಯ? ಹಾಲೇಶನ ಕೈಗೆ ಚೀಟಿ ಬರೆದು ಕೊಟ್ಟು ಕಳಿಸಿದಳು.

ಬೆಳಿಗ್ಗೆ ಹೋದವನು ಊರು ಮಲಗೋ ಹೊತ್ತಿಗೆ ಬಂದ. ಮುಖ ಅರಳಿತ್ತು.

"ಅವ್ವಾ, ಬಂಗಾರದಂಥ ಡಿಸ್ಕು! ಒಂದೂ ಕೆಟ್ಟಿಲ್ಲ!"

"ಹೆಂಗೋ ಗೊತ್ತು ನಿನಗೆ?"

"ಒಂದೊಂದನ್ನೂ ಪರೀಕ್ಷೆ ಮಾಡಿಸಿದೆ! ಅಂಗಡಿಯೋನಿಗೆ ಕಾಲು ಹಿಡಿದೆ, ಅವನ ಮಿಷನ್ನಿಗೆ ಹಾಕಿಸಿ ತುದಿಯವರೆಗೂ ತುಂಬಿಸಿದೆ. ಎರಡು ಪದರಾನೂ ಭರ್ತಿ! ಎಲ್ಲೂ ತಡೀಲಿಲ್ಲ!"

ಸಾವಂತ್ರಮ್ಮ ಡಬ್ಬಿ ಕಿತ್ತುಕೊಂಡಳು. "ಒಂದ್ಸಲ ಬರೆದರೆ ಮುಗೀತಲ್ಲೋ! ಮತ್ತೆ ಅಳಿಸೋಕಾಗಲ್ಲ ಕಣೋ! ಏನು ತುಂಬಿಸಿದೆ ಅದರೊಳಗೆ?"

"ಅಂಗಡಿಯೋನ ಮಗುವಿನ ಹುಟ್ಟುಹಬ್ಬ. ಚೆನ್ನಾಗೈತೆ ಅವ್ವಾ!"

ಎಣಿಸಿದಳು. ಡಬ್ಬಿಯಲ್ಲಿ ಒಂಬತ್ತು ಹುಟ್ಟುಹಬ್ಬ ಇದ್ದವು. "ಹತ್ತನೇದು ಎಲ್ಲೋ?"

"ಅದನ್ನ ಪರೀಕ್ಷೆ ಮಾಡೋಕೆ ಆಗ್ಲಿಲ್ಲ, ಅಂಗಡಿ ಬಾಗಿಲು ಹಾಕಿದ್ರು. ಪರೀಕ್ಷೆ ಮಾಡದೆ ಇರೋದನ್ನ ಅಲ್ಲೇ ಬಿಟ್ಟು ಬಾ ಅಂದಿದ್ದೆಯಲ್ಲ, ಬಿಟ್ಟು ಬಂದೆ!"

ಅವಳು ಮಾರನೇ ದಿನ ಬೆಳಗಿನ ಮೊದಲ ಬಸ್ಸು ಹತ್ತಿ, ಅಂಗಡಿ ಬಾಗಿಲು ತೆಗೆಯೋಕೆ ಮುಂಚೆಯೇ ಹೋಗಿ ನಿಂತು, ಆ ಹತ್ತನೇ ಡಿಸ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಮದುವೆ ಬರೆದಳು. ಆ ಒಂದು ಗಳಿಗೆ ಅವಳಿಗೆ ಎಂಥ ಸಂಕಟ ಅಂತೀರಿ! ಮೂರು ಮಕ್ಕಳನ್ನು ಒಟ್ಟಿಗೆ ಪರೀಕ್ಷೆಗೆ ಕಳಿಸಿದ ತಾಯಿಗೂ ಅಷ್ಟು ಇರಲಿಕ್ಕಿಲ್ಲ. ಹಾಕಿ ನೋಡೋಣ ಅಂದರೆ ಹೊತ್ತಿಲ್ಲ, ಹನ್ನೆರಡು ಗಂಟೆಗೆ ಇನ್ನೊಂದು ಛತ್ರದಲ್ಲಿ ಮದುವೆ ಇತ್ತು. ವಿಧಿಯಿಲ್ಲದೆ ಮಗನನ್ನೇ ಕರೆದಳು.

"ಹಾಲೇಶಾ, ಓಂಕಾರಪ್ಪಣ್ಣನ ಮನೆಗೆ ಹೋಗಿ ಅವರವ್ವ ನೀಲಮ್ಮಜ್ಜಿ ಪಕ್ಕ ಕೂತು ಮದುವೆ ತೋರಿಸು. ಎಲ್ಲೂ ನಿಲ್ಲಬಾರದು! ಇದೇನಾದ್ರೂ ನಿಂತಿತೋ, ನೀನು ಮನೆಗೆ ಬರಬೇಡ!"

"ಆಯ್ತವ್ವಾ!"

ಹಾಲೇಶ ಹೋದ. ಮಧ್ಯಾಹ್ನ ಆಯಿತು, ಬರಲಿಲ್ಲ. ಸಂಜೆ ಆಯಿತು, ಬರಲಿಲ್ಲ. ರಾತ್ರಿ ಕಳೆಯಿತು, ಆಗಲೂ ಇಲ್ಲ. ಸಾವಂತ್ರಮ್ಮನಿಗೆ ಅರ್ಥವಾಗಿಹೋಯಿತು. ನಿಂತರೆ ಮನೆಗೆ ಬರಬೇಡ ಅಂದಿದ್ದಳು. ಮಗ ಬರಲಿಲ್ಲ, ಅಂದರೆ ಡಿಸ್ಕು ನಿಂತಿದೆ! ಗಂಡ ಕಟ್ಟಿದ ಸ್ಟುಡಿಯೋ ಹೋಯಿತು ಅಂತ ಒಬ್ಬಳೇ ಕೂತು ಅತ್ತಳು.

ಬೆಳಿಗ್ಗೆ ನೋಡಿದರೆ ಓಂಕಾರಪ್ಪ ಬಾಗಿಲಲ್ಲಿ ನಿಂತಿದ್ದಾನೆ. ತಲೆ ಕೆದರಿತ್ತು, ಕಣ್ಣು ಕೆಂಪಗಿತ್ತು.

"ನಿಂತೋಯ್ತಾ ಅಣ್ಣಾ?" ಅಂದಳು, ಸೆರಗು ಬಾಯಿಗೆ ಒತ್ತಿಕೊಂಡು.

"ಎಲ್ಲಿ ನಿಲ್ತೈತೆ ಸಾವಂತ್ರಕ್ಕ! ನಿಲ್ತಾನೇ ಇಲ್ಲ!"

"ಅಂದ್ರೆ? ತಾಳಿ ಕಟ್ಟೋ ಜಾಗದಲ್ಲಿ?"

"ಐದು ಸಲ ಕಟ್ಟಿದಾನೆ ತಾಳಿ! ಒಂದ್ಸಲಾನೂ ತಡೀಲಿಲ್ಲ! ಮುಗೀತು ಅಂದ್ಕೊಂಡ್ರೆ ನಿನ್ನ ಮಗ ಮತ್ತೆ ಮೊದಲಿಂದ ಹಾಕ್ತಾನೆ. ನಿಲ್ಲಬಾರದು ಅಂದಾಳಂತೆ ಅವ್ವ! ಧಾರೆ ಬಂದಾಗೆಲ್ಲ ನಮ್ಮವ್ವ ಅಕ್ಷತೆ ಹಾಕ್ತಾಳೆ. ಮನೇಲಿರೋ ಅಕ್ಕಿಯೆಲ್ಲ ಮುಗೀತು, ಈಗ ಮಂಡಕ್ಕಿ ಎರಚ್ತಾ ಇದಾಳೆ! ಸಣ್ಣ ಮಗಳ ಮದುವೆ ನಿನಗೇ ಕೊಡ್ತೀನಿ ಕಣಕ್ಕಾ, ಮೊದಲು ಬಂದು ಅವನನ್ನ ಕರ್ಕೊಂಡು ಹೋಗು!"

ಇಬ್ಬರೂ ಓಡಿದರು. ಬಾಗಿಲ ಹತ್ತಿರ ಬರುವಾಗಲೇ ಕರೆಂಟು ಹೋಯಿತು. ಸದ್ಯ, ಇನ್ನಾದರೂ ನಿಂತಿತಲ್ಲ ಅಂತ ಓಂಕಾರಪ್ಪ ಕೈ ಮುಗಿದ. ಮುಗಿದ ಕೈ ಹಾಗೇ ಉಳಿಯಿತು. ಒಳಗಿಂದ "ಪೀ ಪೀಪೀ! ಡುಂ ಡುಂ!" ಅಂತ ಸದ್ದು ಬಂತು. ಕಪ್ಪಾದ ಟೀವಿ ಮುಂದೆ ಹಾಲೇಶ ನಿಂತಿದ್ದ. ಕೆನ್ನೆ ಉಬ್ಬಿಸಿ ಬಾಯಲ್ಲೇ ವಾಲಗ ಊದುತ್ತಿದ್ದ, ತೊಡೆ ಮೇಲೆ ಡೋಲು ಬಾರಿಸುತ್ತಿದ್ದ, ನಡುನಡುವೆ ಐನೋರ ಮಂತ್ರವನ್ನೂ ಹೇಳುತ್ತಿದ್ದ. ಮಂಚದ ಮೇಲೆ ಒರಗಿದ್ದ ನೀಲಮ್ಮಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಾ ಮಂಡಕ್ಕಿ ಎರಚುತ್ತಿದ್ದಳು.

"ಹಾಲೇಶಾ! ಸಾಕು ನಿಲ್ಸೋ!"

ಅವ್ವನ ಮಾತು ಅಂದರೆ ಮಾತು. ಥಟ್ಟನೆ ನಿಲ್ಲಿಸಿದ. ಸಾವಂತ್ರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ರಾತ್ರಿಯೆಲ್ಲ ಎಚ್ಚರ ಇದ್ದು ಅವಳ ಸ್ಟುಡಿಯೋ ಉಳಿಸಿದ್ದ ಪೆದ್ದ. "ನಡಿಯಪ್ಪಾ ನನ್ನ ದೊರೆ, ಮನೆಗೆ ಹೋಗಾನ" ಅಂದಳು.

ಹಾಲೇಶ ಹೆಗಲ ಟವಲು ತೆಗೆದ, ಕೊಡವಿದ, ಅಜ್ಜಿ ಮಂಚದ ಕೆಳಗೆ ಹಾಸಿದ.

"ಏನೋ ಮಾಡ್ತಾ ಇದೀಯ?"

"ನಿಂತರೆ ಮನೆಗೆ ಬರಬೇಡ ಅಂದಿದ್ದೆ. ಈಗ ನಿಂತೈತಲ್ಲವ್ವಾ, ಇನ್ನು ನಾನಿರೋದು ಇಲ್ಲೇ!"

"ಲೇ, ನಾನೇ ಕರೀತಾ ಇದೀನಿ ಬಾರೋ!"

"ಸುಮ್ನಿರು ಸಾವಂತ್ರಿ!" ಅಂತ ಗದರಿದಳು ನೀಲಮ್ಮಜ್ಜಿ. "ಮಂಚ ಹಿಡಿದಾಗಿಂದ ಈ ಮನೇಲಿ ನನ್ನ ಪಕ್ಕ ಇಷ್ಟೊತ್ತು ಕೂತೋನು ಇವನೊಬ್ಬನೇ. ಮಲಗ್ಲಿ ಬಿಡು."

ಓಂಕಾರಪ್ಪ ತಲೆ ತಗ್ಗಿಸಿ ನೆಲದ ಮಂಡಕ್ಕಿ ನೋಡುತ್ತಾ ನಿಂತ. ಅಜ್ಜಿ ಒರಗಿದ್ದಲ್ಲಿಂದಲೇ ಮಂಚದ ಕೆಳಗೆ ಕೈ ಚಾಚಿದಳು. "ಏ ಮಗಾ, ಎಚ್ಚರ ಇದೀಯೇನೋ? ಕರೆಂಟು ಬರೋತನಕ ಇನ್ನೊಂದ್ಸಲ ಧಾರೆ ಎರಿ ನೋಡಾನ."

"ಆಯ್ತಜ್ಜೀ!" ಅಂತು ಮಂಚದ ಕೆಳಗಿನ ದನಿ. ಅಲ್ಲೇ ಮಲಗಿದ್ದಂಗೇ ವಾಲಗ ಶುರುವಾಯಿತು.