ಬೇವಿನಕಡ್ಡಿಯ ಕಟ್ಟು

ನದಿದಂಡೆಯ ಒಂದು ಆಶ್ರಮದಲ್ಲಿ ನಿರುಪಾದಿ ಅಜ್ಜನೆಂಬ ಗುರುಗಳಿದ್ದರು. ಅವರ ಶಿಷ್ಯ ಚೆನ್ನವೀರ. ಇಪ್ಪತ್ತೆರಡರ ಗಟ್ಟಿ ಆಳು, ಆದರೆ ಧ್ಯಾನಕ್ಕೆ ಕೂತರೆ ತೂಕಡಿಸುತ್ತಿದ್ದ.

“ದಿನಾ ನಸುಕಿನ್ಯಾಗ ಮಂಟಪದ ಬೇವಿನ ಗಿಡದ ತನಕ ಓಡು,” ಎಂದರು ಅಜ್ಜ. “ಬರೂವಾಗ ನನಗೊಂದು ಹಲ್ಲುಜ್ಜೋ ಕಡ್ಡಿ ಮುರಕೊಂಡು ಬಾ. ಚಳಿಗಾಲ ಪೂರ್ತಿ ಓಡಿದರ, ಸಂಕ್ರಮಣ ಆದಮ್ಯಾಲೆ ಪ್ರಾಣಾಯಾಮ ಕಲಸ್ತೀನಿ.”

ಅದನ್ನು ಕಲಿಯಲೆಂದೇ ಚೆನ್ನವೀರ ಊರು ಬಿಟ್ಟು ಬಂದಿದ್ದ. ಹಿಗ್ಗಿನಿಂದ ಒಪ್ಪಿಕೊಂಡ. ಮರ ಇದ್ದದ್ದು ಒಂದು ಮೈಲಿ ದೂರ.

ಕಾರ್ತಿಕದಲ್ಲೆಲ್ಲ ಓಡಿದ. ಮಾರ್ಗಶಿರ ಬಂತು. ಹೊಳೆಯ ಮೇಲಿಂದ ಬರುವ ಗಾಳಿಗೆ ಹಲ್ಲು ಕಟಕಟ ಎನ್ನತೊಡಗಿದವು.

“ಅಜ್ಜಾರ, ಏಳಾಕ ಮನಸ್ಸ ಬರವಲ್ದು. ಏನ ಮಾಡ್ಲಿ?”

“ಅದು ಬರೂದಿಲ್ಲೋ ತಮ್ಮಾ. ಬೇವಿನ ಗಿಡದ ಬುಡಕ ಕುಂತಿರತೈತಿ. ನೀನ ಹೋಗಿ ಕರಕೊಂಡು ಬಾ.”

ಅಜ್ಜ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ ಚೆನ್ನವೀರ.

ಮರುದಿನ ಹಾಗೂ ಹೀಗೂ ಓಡಿಹೋದವನು, ಒಂದು ಕಡ್ಡಿಯಲ್ಲ, ಒಂದು ಕಟ್ಟನ್ನೇ ಮುರಿದು ತಂದ. ಒಂದನ್ನು ಅಜ್ಜನಿಗೆ ಕೊಟ್ಟು, ಉಳಿದದ್ದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟ.

ಆಮೇಲೆ ಸುಲಭವಾಯಿತು. ಬೆಳಕು ಹರಿಯುವವರೆಗೆ ಕಂಬಳಿ ಹೊದ್ದು ಮಲಗುವುದು. ಎದ್ದು, ಬೆವರಿನಂತೆ ಕಾಣಲೆಂದು ಮುಖಕ್ಕೆ ತಣ್ಣೀರು ಎರಚಿಕೊಳ್ಳುವುದು. ಕೊಟ್ಟಿಗೆಯ ಹಿಂದೆ ನಿಂತು ನಾಲ್ಕು ಸಲ ಏದುಸಿರು ಬಿಟ್ಟು, ಬಂದು ಅಜ್ಜನ ಕೈಗೆ ಕಡ್ಡಿ ಕೊಡುವುದು. ಚಳಿಗೆ ಹೆದರಿ ಓಡದವನು ಆ ತಣ್ಣೀರಿಗೆ ಮಾತ್ರ ಹೆದರಲಿಲ್ಲ ನೋಡಿ.

ಅಜ್ಜ ಕಡ್ಡಿ ತೆಗೆದುಕೊಂಡು, “ಚಳಿ ಭಾಳ ಐತೇನೋ?” ಎನ್ನುತ್ತಿದ್ದರು.

“ಓಡಿದರ ಏನೂ ಅನಸೂದಿಲ್ರಿ,” ಎನ್ನುತ್ತಿದ್ದ ಚೆನ್ನವೀರ. ಹೇಳುವಾಗ ಅಜ್ಜನ ಮುಖ ನೋಡುತ್ತಿರಲಿಲ್ಲ.

ಆರನೆಯ ದಿನ ಅಜ್ಜ ಕಟ್ಟೆಯ ಮೇಲೆ ಕೂತು ಕಡ್ಡಿಯನ್ನು ಬಹಳ ಹೊತ್ತು ಅಗಿದರು. ಹಸಿ ಕಡ್ಡಿಯಾಗಿದ್ದರೆ ನಾಲ್ಕು ಸಲ ಅಗಿದರೆ ಸಾಕಿತ್ತು. ಇದು ಒಣಗಿ ಕಟ್ಟಿಗೆಯಾಗಿತ್ತು. ಅಜ್ಜನ ಬಾಯಲ್ಲಿ ಉಳಿದಿದ್ದದ್ದು ಆರೇಳು ಹಲ್ಲು.

ಅವರು ಉಗುಳಿದರು. ಉಗುಳು ಕೆಂಪಗಿತ್ತು.

ಚೊಂಬಿನ ನೀರಿನಿಂದ ಬಾಯಿ ಮುಕ್ಕಳಿಸಿ, ಅದೇ ಕಡ್ಡಿಯನ್ನು ಮತ್ತೆ ಬಾಯಿಗಿಟ್ಟರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ಚೆನ್ನವೀರನಿಗೆ. ಎರಚಿಕೊಂಡ ನೀರು ಇನ್ನೂ ಗದ್ದದಿಂದ ತೊಟ್ಟಿಕ್ಕುತ್ತಿತ್ತು. ನಾಚಿಕೆಗೆ ಅದನ್ನು ಒರೆಸಿಕೊಳ್ಳಲೂ ಕೈ ಏಳಲಿಲ್ಲ.

“ಅಜ್ಜಾರ, ಅದನ್ನ ಒಗೀರಿ.”

“ಯಾಕೋ? ಅಷ್ಟು ದೂರ ಓಡಿ ತಂದೀಯಲ್ಲ.”

“ಓಡಿಲ್ರಿ. ಆರು ದಿನ ಆತು. ಸುಳ್ಳ ಹೇಳೀನಿ.”

“ಗೊತ್ತೈತಿ. ಎರಡನೇ ದಿನಕ್ಕ ಗೊತ್ತಾತು.”

“ಮತ್ತ ಯಾಕ ಬೈಲಿಲ್ರಿ? ರಕ್ತ ಬರೂತನಕ ಯಾಕ ಅಗದ್ರಿ?”

“ನೀ ಕೊಟ್ಟದ್ದು. ಹೆಂಗ ಒಗೀಲಿ?”

ಬೈದಿದ್ದರೆ ಚೆನ್ನವೀರ ಹೇಗೋ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ. ಒಳಗೆ ಹೋಗಿ ಉಳಿದ ಕಟ್ಟನ್ನು ತಂದು ಅಜ್ಜನ ಕಾಲ ಬಳಿ ಇಟ್ಟ. ತಲೆ ಎತ್ತದೆ ತಿರುಗಿ ಓಡತೊಡಗಿದ.

ಮಂಜು ಇನ್ನೂ ಕರಗಿರಲಿಲ್ಲ. ಒದ್ದೆ ಮುಖಕ್ಕೆ ಗಾಳಿ ಹೊಡೆಯುತ್ತಿತ್ತು. ಅಳುತ್ತಲೇ ಓಡಿದ. ಅರ್ಧ ದಾರಿಯಲ್ಲಿ ಮೈ ಬಿಸಿಯಾಯಿತು, ಅದೂ ಅವನ ಗಮನಕ್ಕೆ ಬರಲಿಲ್ಲ.

ಮರದ ಬಳಿ ಒಂದು ಕಡ್ಡಿ ಮುರಿದ. ಹೋದ ಸಲದಂತೆ ಕೈ ಎರಡನೆಯದಕ್ಕೂ ಹೋಯಿತು. ನಾಚಿ ಹಿಂದಕ್ಕೆ ಎಳೆದುಕೊಂಡ.

ಅಜ್ಜ ಅದೇ ಕಟ್ಟೆಯ ಮೇಲೆ ಕೂತಿದ್ದರು. ಹಸಿ ಕಡ್ಡಿಯನ್ನು ಬಾಯಿಗಿಟ್ಟು ಅಗಿದರು.

“ಮನಸ್ಸ ಸಿಕ್ತೇನೋ?”

“ಗಿಡದ ಬುಡಕ ಇತ್ತರೀ.”

ಚೆನ್ನವೀರ ಅಜ್ಜನ ಕಾಲು ಹಿಡಿದುಕೊಂಡ. “ನಿಮ್ಮಾಣಿ ಅಜ್ಜಾರ, ಇನ್ನ ಒಂದು ದಿನಾನೂ ತಪ್ಪಸೂದಿಲ್ಲ. ಈ ಚಳಿಗಾಲ, ಬರೂ ಚಳಿಗಾಲ, ಜೀವ ಇರೂತನಕ ಓಡ್ತೀನಿ.”

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟು ನಕ್ಕರು.

“ಮತ್ತ ಕಟ್ಟು ಕಟ್ಟಾಕ ಹತ್ತಿದೆಲ್ಲೋ! ನಾಳಿನ ಕಡ್ಡಿ ನಾಳೆ ಮುರಿ.”